ಗಯಾಸ್ ಬಂದರೆ ನಿಲ್ಲುತ್ತಿದ್ದ ಸದ್ದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಉತ್ತರ ಬೆಂಗಳೂರಿನ ಸಿಂಗಾಪುರದ ಈ ಬೀದಿಯಲ್ಲಿ ಹಾಲಿನ ಗಾಡಿ ಬಿಟ್ಟರೆ ಇನ್ನೊಂದು ಸದ್ದಿಲ್ಲ. ಶಿವರಾಮ್ ಮನೆಯ ಮುಂದಿನ ಕೋಣೆಯಲ್ಲಿ ಒಬ್ಬರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಕೂತಿದ್ದಾರೆ. ನೋಡಿದವರು ಧ್ಯಾನಕ್ಕೆ ಕೂತಿದ್ದಾರೆ ಅಂದುಕೊಳ್ಳಬೇಕು. ಧ್ಯಾನವೂ ಇಲ್ಲ, ಮಣ್ಣೂ ಇಲ್ಲ. ಆರ್.ಟಿ. ನಗರದಿಂದ ಸ್ಕೂಟರ್ ಓಡಿಸಿಕೊಂಡು ಬಂದಿರುವ ಕಂಪ್ಯೂಟರ್ ರಿಪೇರಿಯ ಗಯಾಸ್, ಒಂದು ಸದ್ದು ಕೇಳಿಸಲಪ್ಪಾ ಅಂತ ಕಾಯುತ್ತಿದ್ದಾರೆ.

ಸದ್ದು ಕೇಳಿಸಿದರೆ ಕೆಟ್ಟಿರುವುದು ಕಂಪ್ಯೂಟರ್. ಕೇಳಿಸದಿದ್ದರೆ ಕೆಟ್ಟಿರುವುದು ತಮ್ಮ ಕಿವಿ. ಐವತ್ತು ದಾಟಿದ ಈ ಮನುಷ್ಯ ಒಳಗೊಳಗೇ ಹೀಗೊಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದಾರೆ. ಹೆಂಡತಿ ಅಕ್ಬರಿಗೂ ಹೇಳಿಲ್ಲ. ಇವತ್ತೂ ಕೇಳಿಸದಿದ್ದರೆ ಸದ್ದಿನ ರಿಪೇರಿಗೆ ಕೈಮುಗಿದು, ಶಿವರಾಮ್‌ಗೆ ಬೇರೆ ಯಾರನ್ನಾದರೂ ನೋಡಿಕೋ ಅಂತ ಹೇಳಿ ಎದ್ದು ಹೋಗುವುದು ಅಂತ ನಿಶ್ಚಯಿಸಿಕೊಂಡೇ ಬಂದಿದ್ದಾರೆ.

ಗಯಾಸ್‌ಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಹೆಗಲಿಗೊಂದು ಚೀಲ, ಸವೆದ ಸೀಟಿನ ಸ್ಕೂಟರ್, ಅಷ್ಟೇ. ಯಲಹಂಕ, ಹೆಬ್ಬಾಳ, ಸೋಲದೇವನಹಳ್ಳಿ ಅಂತ ಉತ್ತರ ಬೆಂಗಳೂರೆಲ್ಲಾ ಸುತ್ತುತ್ತಾರೆ. ದಿನಕ್ಕೆ ನಾಲ್ಕೈದು ಮನೆ ಆದರೆ ಸಾಕು, ಕೆಲವು ದಿನ ಅಷ್ಟೂ ಇರುವುದಿಲ್ಲ. ಕೆಲಸ ಕಲಿತದ್ದು ಯಶವಂತಪುರದ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ, ಉಸ್ತಾದ್ ಜಿಯಾವುಲ್ಲಾ ಅವರ ಕೈಕೆಳಗೆ. ರೇಡಿಯೋ ಹೋಯಿತು, ಟೇಪ್‌ರೆಕಾರ್ಡರ್ ಹೋಯಿತು, ಉಸ್ತಾದರೂ ಹೋದರು, ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಉಳಿದದ್ದು ಉಸ್ತಾದರು ಹೇಳಿಕೊಟ್ಟ ಒಂದು ಪದ್ಧತಿ. ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಗಿರಾಕಿಯ ಬಾಯಲ್ಲಿ ಆ ಸದ್ದು ಮಾಡಿಸಬೇಕು.

ಹೆಡ್‌ಫೋನ್ ಸರಿಯಿಲ್ಲ ಅಂತ ಯಾರೇ ಫೋನ್ ಮಾಡಲಿ, ಗಯಾಸ್ ಕೇಳುವುದು ಒಂದೇ ಮಾತು, ಹೆಂಗೆ ಬರ್ತದೆ, ಬಾಯಲ್ಲಿ ಮಾಡಿ ತೋರಿಸಿ. ಸಂಕೋಚಪಡುವವರಿಗೆ ಇದೊಂದು ದೊಡ್ಡ ಶಿಕ್ಷೆ. ಯಲಹಂಕದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಕೋಣೆಯ ಬಾಗಿಲು ಹಾಕಿಕೊಂಡು ಬಂದು ಫೋನಿನಲ್ಲಿ ಮೆಲ್ಲಗೆ ಗೊರಗೊರ ಅಂದಿದ್ದರಂತೆ. ಅದನ್ನು ಹೇಳುವಾಗ ಗಯಾಸ್ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

"ಕರ್ ಕರ್ ಅಂದ್ರೆ ಪಿನ್ ಲೂಸು, ಇಲ್ಲಾ ತೂತಲ್ಲಿ ಧೂಳು," ಅನ್ನುತ್ತಾರೆ. "ಪಟ್ ಪಟ್ ಅಂತ ಕಡಿದು ಕಡಿದು ಬಂದ್ರೆ ಒಳಗಿನ ಸಾಫ್ಟ್‌ವೇರ್ ತಕರಾರು. ಗುಂಯ್ ಅಂದ್ರೆ ಕರೆಂಟಿಂದು. ಬಾಯಿ ಸುಳ್ಳು ಹೇಳ್ಬಹುದು, ಬಾಯಲ್ಲಿ ಮಾಡೋ ಸೌಂಡು ಸುಳ್ಳು ಹೇಳಲ್ಲ."

ಆದರೆ ಶಿವರಾಮ್ ಮಾಡಿ ತೋರಿಸಿದ ಸದ್ದು ಈ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಚರ್‍ರ್ ಅಂತ ಶುರುವಾಗಿ, ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಸಿಡಿದು, ಕೊನೆಗೆ ಸಣ್ಣಗೆ ಗುಂಯ್ ಅಂತ ಎಳೆಯುತ್ತದೆ. ಅಡುಗೆಮನೆಯಿಂದ ಇದನ್ನು ಕೇಳಿಸಿಕೊಂಡ ಶಿವರಾಮ್ ತಾಯಿ ದ್ರೌಪದಮ್ಮ ಒಲೆ ಆರಿಸಲು ಓಡಿದ್ದರಂತೆ, ಅಷ್ಟು ಚೆನ್ನಾಗಿ ಮಾಡಿದ್ದ ಹುಡುಗ.

ಶಿವರಾಮ್‌ಗೆ ಹುಟ್ಟಿನಿಂದ ಕಣ್ಣಿಲ್ಲ. ಸಿಂಗಾಪುರ ಹಳ್ಳಿಯಾಗಿದ್ದಾಗಿನಿಂದಲೂ ಇಲ್ಲೇ ಇರುವ ಮನೆತನ. ಈಗ ಮನೆಯಲ್ಲೇ ಕೂತು ಒಂದು ಕಂಪನಿಯ ಗ್ರಾಹಕರ ಕರೆಗಳಿಗೆ ಉತ್ತರಿಸುತ್ತಾನೆ. ಹೆಡ್‌ಫೋನಿನ ಒಂದು ಕಿವಿಯಲ್ಲಿ ಗ್ರಾಹಕರು ಮಾತಾಡುತ್ತಿರುತ್ತಾರೆ, ಇನ್ನೊಂದು ಕಿವಿಯಲ್ಲಿ ಕಂಪ್ಯೂಟರ್ ಪರದೆಯ ಮೇಲಿನದ್ದನ್ನು ಓದಿ ಹೇಳುತ್ತಿರುತ್ತದೆ. ಎರಡರ ಮಧ್ಯೆ ಸಾಸಿವೆ ಸಿಡಿದರೆ ಏನು ಗತಿ? ಏನಂದ್ರಿ, ಇನ್ನೊಂದ್ಸಲ ಹೇಳಿ ಅಂತ ಕೇಳಿ ಕೇಳಿ ಗ್ರಾಹಕರು ರೇಗಿದ್ದಾರೆ. ಮೇಲಿನವರೂ ಎಚ್ಚರಿಸಿದ್ದಾರೆ, ಈ ವಾರ ಸರಿಹೋಗದಿದ್ದರೆ ಆ ಕುರ್ಚಿ ಇನ್ನೊಬ್ಬರಿಗೆ. ಗಯಾಸ್‌ಗೆ ಇದೆಲ್ಲ ಗೊತ್ತು. ಗೊತ್ತಿರುವುದರಿಂದಲೇ ನಿದ್ದೆ ಹತ್ತುತ್ತಿಲ್ಲ.

ಮೊದಲ ಸಲ ಫೋನ್ ಮಾಡಿ, ನಾಳೆ ಬರ್ತೀನಿ ಅಂತ ಹೇಳಿಯೇ ಬಂದಿದ್ದರು. ಹೆಡ್‌ಫೋನ್ ಹಾಕಿಕೊಂಡರು. ಸದ್ದೇ ಇಲ್ಲ. ತೂತಿನ ಧೂಳು ತೆಗೆದರು, ಪಿನ್ನನ್ನು ಮುಂದಿನಿಂದ ತೆಗೆದು ಹಿಂದಿನ ತೂತಿಗೆ ಹಾಕಿದರು. ಹೋಲ್ಡರಿಗೆ ಎರಡು ವೈರು ಸಿಕ್ಕಿಸಿದ ಟೆಸ್ಟ್ ಬಲ್ಬನ್ನು ಪ್ಲಗ್ಗಿಗೆ ಹಿಡಿದು ಅರ್ಥಿಂಗ್ ನೋಡಿದರು, ಬಲ್ಬು ಝಗ್ಗನೆ ಹತ್ತಿತು, ಎಲ್ಲ ಸರಿ. ಇನ್ನು ಡ್ರೈವರ್ ಹಳೇದಾಗಿರಬಹುದು ಅಂದರು. ಸದ್ದನ್ನು ನಡೆಸುವ ಸಾಫ್ಟ್‌ವೇರ್‌ಗೆ ಡ್ರೈವರ್ ಅನ್ನುತ್ತಾರೆ. ನಮ್ಮನೇಲಿ ಕಾರೇ ಇಲ್ಲವಲ್ಲಪ್ಪಾ ಅಂತ ದ್ರೌಪದಮ್ಮ ಗಾಬರಿಯಾದರು. ಅದನ್ನೂ ಹೊಸದು ಹಾಕಿ, ಕಾಫಿ ಕುಡಿದು ಹೊರಟರು. ಮಾರನೇ ದಿನ ಬೆಳಿಗ್ಗೆಯೇ ಶಿವರಾಮ್ ಫೋನು, ಗಯಾಸಣ್ಣ, ಮತ್ತೆ ಶುರುವಾಯ್ತು.

ಕಂಪ್ಯೂಟರನ್ನು ತಮ್ಮ ಮನೆಗೇ ಹೊತ್ತುಕೊಂಡು ಹೋದರು. ಆರ್.ಟಿ. ನಗರದಲ್ಲಿ ಅದು ತುಟಿ ಪಿಟಕ್ಕೆನ್ನಲಿಲ್ಲ. ಮತ್ತೆ ಫೋನ್ ಮಾಡಿ, ಹೇಳಿ, ತಂದು ಜೋಡಿಸಿದರು. ಜೊತೆಗೆ ಹೊಸ ಹೆಡ್‌ಫೋನೂ ತಂದಿದ್ದರು. ಆಗಲೂ ಸದ್ದಿಲ್ಲ. ನಿನ್ನ ಕಂಡ್ರೆ ಅದುಕ್ಕೆ ಭಯ ಕಣಪ್ಪಾ ಅಂತ ದ್ರೌಪದಮ್ಮ ನಕ್ಕರು. ಗಯಾಸ್ ಕೂಡ ನಗುವವರಿದ್ದರು. ಅಷ್ಟರಲ್ಲಿ ಹೆಡ್‌ಫೋನ್ ಹಾಕಿಕೊಂಡಿದ್ದ ಶಿವರಾಮ್ ತಲೆ ಓರೆ ಮಾಡಿ, ಈಗಲೂ ಸಣ್ಣಗೆ ಬರ್ತಿದೆಯಲ್ಲ ಅಣ್ಣ ಅಂದ. ಗಯಾಸ್ ಇಸಿದುಕೊಂಡು ಕಿವಿಗೆ ಒತ್ತಿ ಹಿಡಿದರು. ಏನೂ ಇಲ್ಲ. ಏನೇನೂ ಇಲ್ಲ. ಆದರೂ ಹೂಂ ಅಂದುಬಿಟ್ಟರು.

ಆ ಹೂಂ ಅವರನ್ನು ತಿನ್ನತೊಡಗಿತು. ಹುಡುಗನಿಗೆ ಕೇಳಿಸಿದ್ದು ತನಗೆ ಕೇಳಿಸಲಿಲ್ಲ ಅಂದರೆ ಏನರ್ಥ? ಶಿವರಾಮ್ ಮೊಬೈಲಿನಲ್ಲಿ ಸದ್ದು ಹಿಡಿದು ಕಳಿಸಿದ. ಅದರಲ್ಲಿ ಚರಚರ ಏನೋ ಇತ್ತು, ಆದರೆ ಅದು ಹೆಡ್‌ಫೋನಿನದೋ ಮೊಬೈಲಿನದೋ ತಿಳಿಯದೆ ತಲೆ ಕೆಟ್ಟು ಗೊಬ್ಬರವಾಯಿತು. ಮನೆಯಲ್ಲಿ ಅಕ್ಬರಿ ಬೇರೆ, ಕರೆದರೆ ಓಗೊಡುವುದಿಲ್ಲ, ಕಿವಿಗೇನಾಗಿದೆ ನಿಮಗೆ ಅಂತ ವರ್ಷಗಳಿಂದ ಗೊಣಗುತ್ತಿದ್ದಾರೆ. ಇಷ್ಟು ದಿನ ಅದು ಹೆಂಗಸರ ಗೊಣಗಾಟ ಅಂದುಕೊಂಡಿದ್ದರು. ಈಗ ಅದೂ ಸಾಕ್ಷಿಯ ಹಾಗೆ ಕಾಣತೊಡಗಿತು.

"ಕೈ ನಡುಗಿದ್ರೆ ಬೇರೆಯವ್ರ ಕೈಲಿ ಬೆಸುಗೆ ಹಾಕಿಸ್ಬಹುದು," ಅನ್ನುತ್ತಾರೆ ಗಯಾಸ್. "ಕಿವಿ ಹೋದ್ರೆ ಯಾರ ಕಿವಿ ತರೋದು ಹೇಳಿ? ಉಸ್ತಾದ್ ನನಗೆ ಕೊಟ್ಟಿದ್ದೇ ಅದೊಂದು."

ಅದಕ್ಕೇ ಇವತ್ತು ಬೆಳಗಿನ ನಮಾಜ್ ಮುಗಿಸಿದವರೇ, ಯಾರಿಗೂ ಹೇಳದೆ ಕೇಳದೆ ಸ್ಕೂಟರ್ ಹತ್ತಿದ್ದಾರೆ. ಹೆಬ್ಬಾಳದ ಮೇಲ್ಸೇತುವೆ ಖಾಲಿ ಇರುವುದನ್ನು ನೋಡಬೇಕಾದರೆ ಆ ಹೊತ್ತಿಗೇ ಹೋಗಬೇಕು. ಎಂಟಕ್ಕೆ ಶಿವರಾಮ್ ಕೆಲಸಕ್ಕೆ ಕೂರುವುದರೊಳಗೆ ಒಂದು ಇತ್ಯರ್ಥ ಆಗಿಬಿಡಲಿ ಅಂತ. ಗೇಟು ತೆಗೆದಾಗ ಅಂಗಳ ಒಣಗಿ ಬಿಳಿಚಿಕೊಂಡಿತ್ತು. ಹಿಂದೆ ಬಂದಾಗಲೆಲ್ಲ ಒದ್ದೆ ನೆಲದ ಮೇಲೆ ಹಿಟ್ಟಿನ ರಂಗೋಲಿ ಇರುತ್ತಿತ್ತು, ಇವತ್ತು ಹೊಸ್ತಿಲ ಮುಂದೆ ಅಂಟಿಸಿದ ಸ್ಟಿಕ್ಕರ್ ರಂಗೋಲಿ ಮಾತ್ರ ಕಾಣುತ್ತಿತ್ತು. ನೋಡಿದರು, ಆದರೆ ತಲೆಗೆ ಹೋಗಲಿಲ್ಲ.

ಹೆಡ್‌ಫೋನ್ ಹಾಕಿಕೊಂಡು ಕೂತು ಇನ್ನೂ ಉಸಿರು ಬಿಟ್ಟಿಲ್ಲ, ಚರ್‍ರ್.

ಗಯಾಸ್ ಕಣ್ಣು ತೆರೆಯುತ್ತಾರೆ. ಮತ್ತೆ ಚರ್‍ರ್, ಸಿಡಿತ, ಗುಂಯ್. ಶಿವರಾಮ್ ಬಾಯಲ್ಲಿ ಮಾಡಿದ್ದು ಹೇಗೋ ಹಾಗೇ, ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲ. ಗಿರಾಕಿಯ ಕಂಪ್ಯೂಟರ್ ಕೆಟ್ಟಿದೆ ಅಂತ ಇಷ್ಟು ಖುಷಿಪಟ್ಟ ರಿಪೇರಿಯವರನ್ನು ಯಾರೂ ನೋಡಿರಲಿಕ್ಕಿಲ್ಲ. ಪಕ್ಕದಲ್ಲಿ ಕೂತಿದ್ದ ಶಿವರಾಮ್ ಭುಜ ಹಿಡಿದು ಅಲ್ಲಾಡಿಸಿ, ಬಂತು ಕಣೋ, ಬಂತು ಅನ್ನುತ್ತಾರೆ. ಅವರ ಕಣ್ಣು ಒದ್ದೆಯಾಗಿದೆ. ಹಾಳಾದ ಸದ್ದು ಬಂದದ್ದಕ್ಕೆ ಈ ಅಣ್ಣ ಯಾಕೆ ಇಷ್ಟು ಕುಣಿಯುತ್ತಿದ್ದಾರೆ ಅಂತ ಶಿವರಾಮ್‌ಗೆ ತಲೆಬುಡ ತಿಳಿಯುವುದಿಲ್ಲ.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ ಅನ್ನಿ. ಕೇಳುತ್ತಾ ಕೂತಿದ್ದ ಹಾಗೇ ಸದ್ದು ಸಣ್ಣಗಾಗುತ್ತದೆ. ಸಿಡಿತ ನಿಲ್ಲುತ್ತದೆ, ಗುಂಯ್ ದೂರ ಹೋಗುತ್ತದೆ, ಆಮೇಲೆ ಅದೂ ಇಲ್ಲ. ಗಯಾಸ್ ಯಾವ ವೈರನ್ನೂ ಮುಟ್ಟಿಲ್ಲ, ಶಿವರಾಮ್ ಕೂಡ ಕದಲಿಲ್ಲ. ಕಿವಿ ಮತ್ತೆ ಕೈಕೊಟ್ಟಿತೇ? ತಮ್ಮ ಕಿವಿಯ ಬಳಿ ತಾವೇ ಚಿಟಿಕೆ ಹೊಡೆದು ನೋಡಿಕೊಳ್ಳುತ್ತಾರೆ. ಚಿಟಿಕೆ ಕೇಳಿಸುತ್ತದೆ. ಹೆಡ್‌ಫೋನ್ ಶಿವರಾಮ್‌ಗೆ ಕೊಟ್ಟರೆ ಅವನೂ ಇಲ್ಲ ಅಣ್ಣ, ಹೋಯ್ತು ಅನ್ನುತ್ತಾನೆ. ಹಾಗಾದರೆ ನಿಂತದ್ದು ಹೇಗೆ? ಹೊರಗೆ ಬಕೆಟ್ಟಿನ ಹಿಡಿ ಠಣ್ಣನೆ ಬಡಿದ ಸದ್ದಾಗುತ್ತದೆ. ಗಯಾಸ್ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಅಂಗಳದಲ್ಲಿ ದ್ರೌಪದಮ್ಮ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ನಿಂತಿದ್ದಾರೆ. ಕೈಯಲ್ಲಿ ಖಾಲಿ ಬಕೆಟ್ಟು. ಚೆಲ್ಲಿದ ನೀರು ಇಳಿಜಾರಿನಲ್ಲಿ ಹರಿದು, ಕಾಂಪೌಂಡಿನ ಮೂಲೆಯ ಕಬ್ಬಿಣದ ಪೈಪಿನ ಸುತ್ತ ಇಂಗುತ್ತಿದೆ.

"ಇಂಗೆ ಏಳ್ದೆ ಕೇಳ್ದೆ ಬಂದ್ಬುಟ್ರೆ ಎಂಗಪ್ಪಾ?" ಅನ್ನುತ್ತಾರೆ ಮೆಲ್ಲಗೆ, ಮಗನಿಗೆ ಕೇಳಿಸದ ಹಾಗೆ. "ಒಣಗಿದ ಅಂಗಳಕ್ಕೆ ಜನಾನ ಎಂಗ್ ಕರೀಲಿ? ನೀರು ಉಯ್ಬ್ಯಾಡ ಅಂತಾನೆ ಇವ್ನು. ನೀನು ಬತ್ತೀಯ ಅಂದಾಗ ಮಾತ್ರ ಇವ್ನು ಏಳೋ ಮುಂಚೆ ಒಂದು ಬಕೀಟು ಉಯ್ತಿದ್ದೆ."

ವಿಷಯ ಇಷ್ಟೇ. ಮನೆಯ ಬೋರ್‌ವೆಲ್ ಬತ್ತಿದ ಮೇಲೆ ನೀರು ಟ್ಯಾಂಕರಿನಲ್ಲಿ ಬರುತ್ತಿದೆ. ಅಂಗಳಕ್ಕೆ ಸುರಿಯುವುದು ಬೇಡ ಅಂತ ಶಿವರಾಮ್ ಕಟ್ಟಪ್ಪಣೆ ಮಾಡಿದ್ದ. ದಿನಾ ನೀರು ಹಾಕಿ ರಂಗೋಲಿ ಬಿಡುತ್ತಿದ್ದ ತಾಯಿ ಸ್ಟಿಕ್ಕರ್ ಅಂಟಿಸಿ ಸುಮ್ಮನಾದರು. ಮೂಲೆಯಲ್ಲಿರುವ ಆ ಪೈಪೇ ಮನೆಯ ಅರ್ಥಿಂಗ್ ಗುಂಡಿ. ಉಪ್ಪು, ಇದ್ದಿಲು ತುಂಬಿ ಹೂತ ಆ ಗುಂಡಿಗೆ ತೇವ ಇದ್ದರೆ ಬೇಡದ ಕರೆಂಟು ಭೂಮಿಗೆ ಇಳಿಯುತ್ತದೆ. ಒಣಗಿದರೆ ಇಳಿಯಲು ದಾರಿಯಿಲ್ಲದೆ ಕಂಪ್ಯೂಟರಿನ ಮೈಮೇಲೆ ಓಡಾಡಿ ಹೆಡ್‌ಫೋನಿನಲ್ಲಿ ಸಿಡಿಯುತ್ತದೆ. ಇಷ್ಟು ವರ್ಷ ದ್ರೌಪದಮ್ಮನ ರಂಗೋಲಿ ನೀರು ಅದನ್ನು ತಣ್ಣಗಿಟ್ಟಿತ್ತು. ಹೇಳಿ ಬಂದಾಗಲೆಲ್ಲ ಗಯಾಸ್‌ಗೆ ಸಿಗುತ್ತಿದ್ದದ್ದು ತೊಳೆದ ಅಂಗಳ, ತೇವದ ಗುಂಡಿ, ಝಗ್ಗನೆ ಹತ್ತುವ ಬಲ್ಬು. ಮರ್ಯಾದೆ ಮಾಡಲು ಹೋಗಿ ಆ ತಾಯಿ ರೋಗವನ್ನೇ ಮುಚ್ಚಿಡುತ್ತಿದ್ದರು.

ಗಯಾಸ್‌ಗೂ ಇದು ಒಮ್ಮೆಗೇ ಹೊಳೆಯಲಿಲ್ಲ. ಪೈಪು ನೋಡಿದರು, ಬಕೆಟ್ಟು ನೋಡಿದರು, ಸ್ಟಿಕ್ಕರ್ ನೋಡಿದರು. ಆಮೇಲೆ ಒದ್ದೆ ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತು ನಗತೊಡಗಿದರು. ನಗು ನಿಲ್ಲಲು ಸುಮಾರು ಹೊತ್ತು ಹಿಡಿಯಿತು.

ಮಗನ ಅಪ್ಪಣೆ ಅಲ್ಲೇ ರದ್ದಾಯಿತು. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಇನ್ನು ಮೇಲೆ ದಿನಾ ಆ ಮೂಲೆಗೆ. ಹಳೆಯ ಗುಂಡಿಗೆ ಹೊಸದಾಗಿ ಉಪ್ಪು, ಇದ್ದಿಲು ಹಾಕಲು ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನು ಗಯಾಸ್ ಕರೆಸುತ್ತಾರೆ. ಎಂಟಕ್ಕೆ ಶಿವರಾಮ್ ಕೆಲಸಕ್ಕೆ ಕೂರುತ್ತಾನೆ, ಗಯಾಸ್ ಹೊರಡದೆ ಬಾಗಿಲ ಬಳಿಯೇ ನಿಲ್ಲುತ್ತಾರೆ. ಮೊದಲ ಕರೆ ಬರುತ್ತದೆ, ಮುಗಿಯುತ್ತದೆ. ಒಂದು ಸಲವೂ ಅವನು ಏನಂದ್ರಿ ಅನ್ನಲಿಲ್ಲ. ತಾಯಿ ಅಡುಗೆಮನೆಯಿಂದಲೇ ಕೈಮುಗಿಯುತ್ತಾರೆ.

ಆಗ ಗಯಾಸ್ ಹಿಂದಿನ ಸಲದ ತಮ್ಮ ಹೂಂ ಸುಳ್ಳು ಅಂತ ಒಪ್ಪಿಕೊಳ್ಳುತ್ತಾರೆ, ಆವತ್ತು ಬಂದ ಸಣ್ಣ ಸದ್ದು ನನಗೆ ಕೇಳಿಸಿರಲಿಲ್ಲ ಶಿವು ಅಂತ.

ಶಿವರಾಮ್ ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಳ್ಳುತ್ತಾನೆ. "ಆವತ್ತು ಏನೂ ಬಂದಿರ್ಲಿಲ್ಲ ಅನ್ಸುತ್ತೆ ಗಯಾಸಣ್ಣ. ನೀವು ಹೋದ್ಮೇಲೆ ಮತ್ತೆ ಬಂದೇ ಬರುತ್ತೆ ಅನ್ನೋ ಭಯಕ್ಕೆ ನನಗೇ ಕೇಳಿಸಿದ ಹಾಗಾಯ್ತು. ನೀವೂ ಹೂಂ ಅಂದ್ರಲ್ಲ, ನಿಜಾನೇ ಅಂದ್ಕೊಂಡೆ."

ಇಬ್ಬರೂ ಒಬ್ಬರನ್ನೊಬ್ಬರು ನಂಬಿ, ಇಲ್ಲದ ಸದ್ದಿಗೆ ನಿದ್ದೆಗೆಟ್ಟಿದ್ದರು. ಗಯಾಸ್ ಅವನ ತಲೆಗೊಂದು ಮೆಲ್ಲಗೆ ಮೊಟಕಿ, ಚೀಲ ಹೆಗಲಿಗೇರಿಸುತ್ತಾರೆ. ಸ್ಕೂಟರ್ ನೆಟ್ಟಗೆ ಆರ್.ಟಿ. ನಗರದ ಕಡೆಗೆ, ಅಕ್ಬರಿಗೆ ಹೇಳಲೇಬೇಕಲ್ಲ.

ಮನೆಗೆ ಬಂದವರೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಬಿಡದೆ ಒಪ್ಪಿಸುತ್ತಾರೆ, ಕಿವಿ ಹೋಯಿತು ಅಂತ ಹೆದರಿದ್ದು, ಯಾರಿಗೂ ಹೇಳದೆ ಮರುಗಿದ್ದು, ಬೆಳಿಗ್ಗೆ ಆ ಚರ್‍ರ್ ಕೇಳಿಸಿದಾಗ ಕಣ್ಣಲ್ಲಿ ನೀರು ಬಂದದ್ದು. ತಮ್ಮ ಕಿವಿಗೆ ಏನೂ ಆಗಿಲ್ಲ, ಸಣ್ಣ ಸದ್ದೂ ಚೆನ್ನಾಗಿ ಕೇಳಿಸುತ್ತದೆ ಅಂತ ಹೆಮ್ಮೆಯಿಂದ ಮುಗಿಸುತ್ತಾರೆ. ಅಕ್ಬರಿ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿ, ಗಂಡನ ಮುಖವನ್ನೇ ನೋಡುತ್ತಾರೆ.

"ಹಂಗಾದ್ರೆ ಇಷ್ಟು ವರ್ಷ ನಾನು ಕರೆದಿದ್ದೆಲ್ಲಾ ಕೇಳಿಸ್ತಾ ಇತ್ತು ಅನ್ನಿ."