ಬೇಸ್ ಮೇಷ್ಟ್ರ ಆಲ್ಬಮ್ಮು

ಬೇಸ್ ಮೇಷ್ಟ್ರ ಬಲಗೈಯ ಎರಡು ಬೆರಳ ತುದಿ ಹುಣಸೆಬೀಜದಷ್ಟು ಗಟ್ಟಿ. ದಪ್ಪ ತಂತಿ ಮೀಟಿ ಮೀಟಿ ಅಲ್ಲಿನ ಚರ್ಮ ಸತ್ತೇ ಹೋಗಿತ್ತು. ಕುದಿಯುವ ಕಾಫಿ ಲೋಟವನ್ನು ಆ ಬೆರಳಲ್ಲೇ ಹಿಡಿದು, ಸುಡ್ತದೆ ಅಂತ ಒದ್ದಾಡುವ ನಮ್ಮನ್ನು ನೋಡಿ ನಗೋರು.

ಪ್ರಾಯದಲ್ಲಿ ಬೆಂಗಳೂರಿನ ಯಾವುದೋ ದೊಡ್ಡ ಹೋಟೆಲಿನ ಜಾಝ್ ಬ್ಯಾಂಡಿನಲ್ಲಿ ಡಬಲ್ ಬೇಸ್ ನುಡಿಸುತ್ತಿದ್ದರಂತೆ, ಹಾಡಿನ ಅಡಿಯಲ್ಲಿ ದಪ್ಪ ಸ್ವರ ಹಾಕಿ ಎಲ್ಲರನ್ನೂ ತಾಳದಲ್ಲಿ ಹಿಡಿದಿಡುವ ತಂತಿವಾದ್ಯ. ಹೋಟೆಲಿನವರು ಸಂಗೀತ ನಿಲ್ಲಿಸಿದ ಮೇಲೆ, ಆಳೆತ್ತರದ ಆ ವಾದ್ಯವನ್ನು ಹಾಸಿಗೆಯಲ್ಲಿ ಸುತ್ತಿ, ಬಸ್ಸಿನ ಮೇಲೆ ಹಾಕಿಕೊಂಡು ಮಳವಳ್ಳಿಗೆ ಬಂದರು. ಆಮೇಲೆ ಮದ್ದೂರಿನ ಬ್ಯಾಂಡ್ ಸೆಟ್ಟಿಗೂ ಮಂಡ್ಯದ ಆರ್ಕೆಸ್ಟ್ರಾಕ್ಕೂ ಇವರೇ ಬೇಸು. ಮದುವೆ ಮೆರವಣಿಗೆಯಲ್ಲಿ ಗಾಡಿಯ ಮೇಲೆ ನಿಂತು, ಸಿನಿಮಾ ಹಾಡಿನ ಅಡಿಗೆ ಮೆಲ್ಲಗೆ ಜಾಝ್ ನಡೆ ತೂರಿಸಿಬಿಡೋರು. ಗಂಡಿನ ಕಡೆಯವರಿಗೆ ತಮ್ಮ ಕಾಲು ಯಾಕೆ ಹಾಗೆ ಕುಣೀತಿದೆ ಅಂತ ಗೊತ್ತೇ ಆಗುತ್ತಿರಲಿಲ್ಲ.

ನಾನು ಆರ್ಕೆಸ್ಟ್ರಾದಲ್ಲಿ ಹಾಡೋಳು. ಹಗಲು ಗೆಜ್ಜಲಗೆರೆಯ ಫ್ಯಾಕ್ಟರಿ, ಸಂಜೆ ಸ್ಟೇಜು. ಪುಕ್ಕಲಿ ಅಂದರೆ ಪುಕ್ಕಲಿ. ಮೈಕು ಕೈಗೆ ಬಂದರೆ ಸಾಕು, ತಾಳ ಬಿಟ್ಟು ವಾದ್ಯದವರಿಗಿಂತ ಮುಂದೆ ಓಡುತ್ತಿದ್ದೆ. ಮೊದಲ ಸಲ ಹಾಗಾದಾಗ ಮೇಷ್ಟ್ರು ಉಗಿಯುತ್ತಾರೆ ಅಂದುಕೊಂಡರೆ, ಪಕ್ಕಕ್ಕೆ ಬಂದು ನಿಂತರು.

"ಓಡ್ಬ್ಯಾಡ ಕಣವ್ವ. ಕೆಳಗೆ ನಾನಿವ್ನಿ."

ಅವತ್ತಿನಿಂದ ಜನರ ಮುಖ ನೋಡೋದು ಬಿಟ್ಟು, ಅವರ ಸ್ವರ ಕೇಳಿಕೊಂಡು ಹಾಡಿದೆ. ಇವತ್ತು ನಾಲ್ಕು ಜನರ ಮುಂದೆ ಬಾಯಿ ತೆರೆಯುತ್ತೀನಿ ಅಂದರೆ ಅದು ಅವರು ಕೊಟ್ಟ ಧೈರ್ಯ.

ಹೋದ ವರ್ಷ ಅವರ ಹೃದಯ ಕೈಕೊಟ್ಟಿತು. ಮೈಸೂರಿನಲ್ಲಿ ಆಪರೇಷನ್ ಆಗಬೇಕು, ಏನೂ ಹೇಳಕ್ಕಾಗಲ್ಲ ಅಂದರು ಡಾಕ್ಟರು. ಅವರ ಹತ್ತಿರ ಕಲಿತ ನಾವೆಲ್ಲ ಸೇರಿ, ಅವರು ಹೋಗುವ ಮೊದಲು, ಥೂ, ಆಪರೇಷನ್ನಿಗೆ ಹೋಗುವ ಮೊದಲು, ಅವರು ಕಟ್ಟಿದ ಹಾಡುಗಳದ್ದೇ ಒಂದು ಆಲ್ಬಮ್ ಮಾಡಿ ಕೇಳಿಸಬೇಕು ಅಂತ ಹೊರಟೆವು. ಟ್ರಂಪೆಟ್ಟಿನವರು, ಸ್ಯಾಕ್ಸೋಫೋನಿನವರು, ಡ್ರಮ್ಮಿನವನು, ಹಾಡೋರು, ಎಲ್ಲ ಸೇರಿದರೆ ಒಂದು ಛತ್ರ ತುಂಬುವಷ್ಟು ಜನ. ಬೇಸ್ ನುಡಿಸಲು ಮಾತ್ರ ಒಬ್ಬರೂ ಒಪ್ಪಲಿಲ್ಲ. ಅವರೇ ಬರಲಿ ಅಂತ ಆ ಜಾಗ ಖಾಲಿ ಬಿಟ್ಟು ರೆಕಾರ್ಡ್ ಮಾಡಿದೆವು. ಕರೆಯಲು ಹೋದರೆ, ಬದುಕಿರೋನಿಗೆ ತಿಥಿ ಮಾಡ್ತೀರೇನ್ರಲಾ ಅಂತ ಬಾಗಿಲು ಹಾಕಿಕೊಂಡರು. ಆಪರೇಷನ್ ದಿನ ಹತ್ತಿರ ಬಂತು. ನನಗೆ ಅನ್ನ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮ ಡ್ರಮ್ಮಿನವನು ಆಲ್ಬಮ್ಮಿನ ಮುಖಚಿತ್ರಕ್ಕೆ ಅಂತ ಮೇಷ್ಟ್ರ ಫೋಟೋವನ್ನು ಫ್ಲೆಕ್ಸ್ ಅಂಗಡಿಗೆ ಕೊಟ್ಟ. 'ಗೌರವ ನಮನ' ಅಂತ ಬರೀರಿ ಅಂದನಂತೆ. ಫ್ಲೆಕ್ಸಿನವನಿಗೆ ಗೊತ್ತಿದ್ದದ್ದು ಎರಡೇ ನಮೂನೆ: ಹುಟ್ಟುಹಬ್ಬದ್ದು, ಸತ್ತವರದ್ದು. ನಮನ ಅಂದಮೇಲೆ ಇನ್ನೇನು ಅಂತ ಫೋಟೋಕ್ಕೆ ಹಾರ ಹಾಕಿ, ಅಕ್ಕಪಕ್ಕ ದೀಪ ಉರಿಸಿ ಕಳಿಸಿದ. ನಮ್ಮ ದಡ್ಡ ಶಿಖಾಮಣಿ ಸರಿಯಾಗಿ ನೋಡದೆ ಅದನ್ನೇ ವಾಟ್ಸಾಪಿನ ಎಲ್ಲ ಗುಂಪಿಗೂ ಹಾಕಿದ.

ಫ್ಯಾಕ್ಟರಿಯಲ್ಲಿ ಊಟದ ಹೊತ್ತಿಗೆ ಅದನ್ನು ನೋಡಿ ಮೇಷ್ಟ್ರು ಹೋಗೇಬಿಟ್ಟರು ಅಂದುಕೊಂಡೆ. ಅಳುತ್ತಲೇ ಮೇಷ್ಟ್ರ ಹೆಂಡತಿಗೆ ಫೋನ್ ಮಾಡಿದೆ. "ಚೆನ್ನಾಗವ್ರೆ ಕಣಮ್ಮ. ಜನ ಹಾರ ತಕ್ಕಂಡ್ ಬತ್ತಾವ್ರೆ" ಅಂದರು. ಆ ಹಾರ ನೋಡಿಯೇ ಮೇಷ್ಟ್ರ ಹೃದಯ ನಿಂತುಹೋದರೆ ಏನು ಗತಿ ಅಂತ ಸ್ಕೂಟರ್ ಹತ್ತಿದೆ. ಮಳವಳ್ಳಿ ಮುಟ್ಟುವ ತನಕ ದೇವರಿಗೆ ಬೈದೆ, ಹರಕೆಯನ್ನೂ ಹೊತ್ತೆ.

ಮೇಷ್ಟ್ರು ಜಗಲಿಯ ಮೇಲೆ ಕೂತಿದ್ದರು. ಸುತ್ತ ಬಂದವರು ಹಾರಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಪೆಚ್ಚಾಗಿ ನಿಂತಿದ್ದರು. ಒಬ್ಬ ಅಜ್ಜಿಗಂತೂ ಅಳಬೇಕೋ ನಗಬೇಕೋ ತಿಳಿಯದು. ಮೇಷ್ಟ್ರು ನನ್ನನ್ನು ಬೈಯಲಿಲ್ಲ. ತಿಥಿ ಎಂಗೂ ಆಗೋಯ್ತಲ್ಲ, ಅದೇನ್ ಮಾಡಿದ್ದೀರೋ ಹಾಕು ಅಂದರು. ನನ್ನ ಫೋನಿನಲ್ಲಿದ್ದ ಮೊದಲ ಹಾಡು ಹಾಕಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಎಲ್ರೂ ಓಡ್ತಾವ್ರೆ. ಇಂಗೇ ಬುಟ್ಟೋದ್ರೆ ನಂಗೆ ಆಪರೇಸನ್ ಮೇಜಿನ ಮ್ಯಾಲೂ ನಿದ್ದೆ ಬರಾಕಿಲ್ಲ."

ವಾದ್ಯವನ್ನು ಹೊರಗೆ ತರಿಸಿ, ಗೋಡೆಗೆ ಒರಗಿ ನಿಂತರು. ಅದೇ ಹಾಡು ಮತ್ತೆ ಹಾಕಿಸಿ ಅದರ ಜೊತೆಗೆ ನುಡಿಸಿದರು. ನಾನು ಬೇರೊಬ್ಬರ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಹಾಡು ಮುಂದೆ ಹೋದಹಾಗೆ ಅವರಿಗೆ ದಮ್ಮು ಹತ್ತುತ್ತಿತ್ತು. ಸಾಕು ಅನ್ನಲೂ ಭಯ, ಅನ್ನದಿರಲೂ ಭಯ. ಮುಗಿದ ಮೇಲೆ ಬೆವರಿ ಕೂತು ನೀರು ಕೇಳಿದರು. ಒಂದೇ ಹಾಡು. ಉಳಿದವನ್ನು ವಾಸಿಯಾಗಿ ಬಂದು ನುಡಿಸ್ತೀನಿ ಅಂದರು.

ಆಪರೇಷನ್ನಿಗೆ ಹೋದವರು ತಿರುಗಿ ಬರಲಿಲ್ಲ. ವಾಟ್ಸಾಪಿಗೆ ಸುದ್ದಿ ಹಾಕಿದರೆ ಈ ಸಲ ಯಾರೂ ನಂಬಲಿಲ್ಲ, ಯಾರೂ ಹಾರ ಕೊಳ್ಳಲು ಹೋಗಲಿಲ್ಲ. ಮಂಡ್ಯದಿಂದ, ಮದ್ದೂರಿನಿಂದ, ಬೆಳಕವಾಡಿಯಿಂದ ಒಬ್ಬೊಬ್ಬರೂ ನನಗೇ ಫೋನ್ ಮಾಡಿ, ಇದೂ ಆ ಫ್ಲೆಕ್ಸಿನವನ ಎಡವಟ್ಟು ತಾನೇ ಅಂತ ಆಸೆಯಿಂದ ಕೇಳಿದರು. ಒಬ್ಬೊಬ್ಬರಿಗೂ ನಾನೇ ಹೇಳಬೇಕಾಯಿತು: "ಇಲ್ಲ ಕಣಣ್ಣ, ನಿಜ."