ಮೇಲಿನಿಂದ ಮೂರು ಇಂಚು

ಕಳೆದ ವಾರ ಬೈಲಹೊಂಗಲದ ತಹಶೀಲ್ದಾರ ಕಚೇರಿಗೆ ಹೋಗಿದ್ದೆ. ಹೊರಗೆ ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವ ಮುದುಕನೊಬ್ಬ ತನ್ನ ಟೈಪ್‌ರೈಟರನ್ನು ಮಗ್ಗುಲಿಗೆ ಹೊರಳಿಸಿ, ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅಕ್ಷರದ ಕಡ್ಡಿಗಳನ್ನು ತಿಕ್ಕುತ್ತ ಕುಳಿತಿದ್ದ. ಸೀಮೆಎಣ್ಣೆ, ರಿಬ್ಬನ್ನಿನ ಮಸಿ, ಬಿಸಿಲಿಗೆ ಕಾದ ಕಬ್ಬಿಣ... ಹೋದ ಕೆಲಸ ಮರೆತು ಅಲ್ಲೇ ನಿಂತೆ. ನಮ್ಮ ಮಾಸ್ತರರ ಖೋಲಿಯಲ್ಲಿ ಪ್ರತಿ ಸೋಮವಾರ ಇದೇ ವಾಸನೆ ಇರುತ್ತಿತ್ತು.

ಮಾಸ್ತರರು ಇದೇ ಊರಿನ ಬಜಾರದಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ಮುಸಲ್ಮಾನರು. ತೊಂಬತ್ತರ ದಶಕದಲ್ಲಿ ಸಂಪಗಾಂವ, ನೇಸರಗಿಯಿಂದ ಮಂದಿ ಬಸ್ಸು ಹತ್ತಿ ಅವರಲ್ಲಿಗೆ ಕಲಿಯಲು ಬರುತ್ತಿದ್ದರು. ಮಾಸ್ತರರದೊಂದು ರೂಢಿ ಇತ್ತು. ಟೈಪು ಮಾಡಿದ ಹಾಳೆ ಕೊಟ್ಟರೆ ಮೊದಲು ಓದುತ್ತಿರಲಿಲ್ಲ, ಬೋರಲು ಹಾಕಿ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಕೀಲಿಯನ್ನು ಜೋರಾಗಿ ಬಡಿದರೆ ಅಕ್ಷರ ಹಿಂದೆ ಉಬ್ಬುತ್ತದೆ, ಪೂರ್ಣವಿರಾಮವಂತೂ ತೂತೇ ಬೀಳುತ್ತದೆ. ಅಷ್ಟರಿಂದಲೇ ಇದು ಯಾರ ಹಾಳೆ ಎಂದು ಹೇಳಿಬಿಡುತ್ತಿದ್ದರು. ನನ್ನದು ಕೈಗೆ ಸಿಕ್ಕಾಗಲೆಲ್ಲ, "ತಮ್ಮಾ, ಇದು ಟೈಪ್ ಮಾಡೂದಪಾ, ಕಲ್ಲು ಒಡಿಯೂದಲ್ಲ" ಅನ್ನುತ್ತಿದ್ದರು.

ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತ ದೊಡ್ಡವನಾದೆ. ಊರಿನ ಅರ್ಧ ಲಗ್ನಪತ್ರಿಕೆಗಳು ನನ್ನ ಬೆರಳಿನಿಂದ ಎದ್ದವು. ಓದಿದವರು ಬರೆದುಕೊಟ್ಟದ್ದನ್ನು ಎಷ್ಟೋ ಸಲ ನಾನೇ ತಿದ್ದಿ ಜೋಡಿಸಿದ್ದೇನೆ, ಯಾರಿಗೂ ಹೇಳಿಲ್ಲ. ಪ್ರೆಸ್ಸು ಮುಚ್ಚಿದಾಗ ಮೂವತ್ತು ದಾಟಿತ್ತು. ಮಾಸ್ತರರ ಹತ್ತಿರ ಟೈಪಿಂಗ್ ಕಲಿತೆ. ಅವರು ಹಳೆಯದೊಂದು ಕಂಪ್ಯೂಟರ್ ತಂದಾಗ ಅದರ ಮುಂದೆ ಕುಳಿತವನೂ ನಾನೇ.

ಆ ಹೊತ್ತಿಗೆ ಕ್ಲಾಸಿಗೆ ಬರುವವರು ಕಡಿಮೆಯಾಗಿದ್ದರು. ಬಂದವರಿಗೂ ಕಂಪ್ಯೂಟರ್ ಎಂದರೆ ಅಂಜಿಕೆ, ಅದರ ಮೇಲೆ ಬರುವುದೆಲ್ಲ ಇಂಗ್ಲಿಷು. ಒಂದು ದಿನ ಮಾಸ್ತರರು ಒಂದು ಪತ್ರಿಕೆಯನ್ನೂ ಅದರ ಜೊತೆ ಬಂದ ಸೀಡಿಯನ್ನೂ ಹಿಡಿದುಕೊಂಡು ಬಂದರು. ಅದರಲ್ಲಿದ್ದದ್ದು ಮುಕ್ತ ತಂತ್ರಾಂಶವಂತೆ. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಅದನ್ನು ಕನ್ನಡಕ್ಕೆ ತರಲು ಎಲ್ಲೆಲ್ಲಿಯವರೋ ಸೇರಿ ಒಂದು ಗುಂಪು ಕಟ್ಟಿದ್ದರು. ನಾವೂ ಒಂದು ಪಾಲು ಮಾಡೋಣ ಎಂದರು ಮಾಸ್ತರರು. ಪಗಾರ ಎಷ್ಟು ಕೊಡುತ್ತಾರೆ ಎಂದು ಕೇಳಿದೆ.

"ಯಾರಿಗೂ ಕೊಡೂದಿಲ್ಲ. ಮಾಡಿದವರ ಹೆಸರು ಹಾಕತಾರು. ಅಷ್ಟ."

ಪಕ್ಕದ ಅಂಗಡಿಯ ಟೇಲರ್ ಇದನ್ನು ಕೇಳಿಸಿಕೊಂಡು, ಪುಕ್ಕಟೆ ಕೆಲಸಕ್ಕೂ ಒಬ್ಬ ಮಾಲಕ, ಒಬ್ಬ ಆಳು ಬೇಕೇನ್ರಿ ಎಂದು ವರ್ಷಗಟ್ಟಲೆ ಚಾಷ್ಟಿ ಮಾಡಿದ.

ಮಾಸ್ತರರಿಗೆ ಸಕ್ಕರೆ ಕಾಯಿಲೆ. ಕಣ್ಣು ಆಗಲೇ ಮಂಜಾಗಿತ್ತು, ಪರದೆಯ ಅಕ್ಷರ ಕಾಣುತ್ತಿರಲಿಲ್ಲ. ನಾನು ಇಂಗ್ಲಿಷನ್ನು ಒಂದೊಂದೇ ಅಕ್ಷರವಾಗಿ ಓದಿ ಹೇಳುವುದು, ಅವರು ಅರ್ಥ ಬಿಡಿಸಿ ಕನ್ನಡ ಹೇಳುವುದು, ನಾನು ಒತ್ತುವುದು. ಒಂದು ಮಾತಿಗೆ ಒಂದು ದಿನ ಹಿಡಿದದ್ದೂ ಉಂಟು. ಬಂದುಹೋಗುವವರನ್ನೆಲ್ಲ ಕೂಡ್ರಿಸಿಕೊಂಡು, ಇದಕ್ಕೆ ನೀವೇನು ಅನ್ನುತ್ತೀರಿ ಎಂದು ಕೇಳುತ್ತಿದ್ದರು. ಮಾಡಬೇಕೆಂದದ್ದನ್ನು ಕೈಬಿಡುವ ಗುಂಡಿಗೆ 'ರದ್ದು' ಎಂದು ಇಟ್ಟರು. ಸವದತ್ತಿ ಬಸ್ಸು ಬರದ ದಿನ ಸ್ಟ್ಯಾಂಡಿನ ಹಲಗೆಯ ಮೇಲೆ ಅದೇ ಶಬ್ದ ಬರೆಯುತ್ತಾರೆ, ಓದಿದವರು ಓದದವರು ಎಲ್ಲರಿಗೂ ಗೊತ್ತು ಎಂಬುದು ಅವರ ಲೆಕ್ಕ. ಹೀಗೆ ಎರಡು ವರ್ಷ ನಡೆಯಿತು. ವಾರಕ್ಕೊಮ್ಮೆ ಫ್ಲಾಪಿ ಕಿಸೆಯಲ್ಲಿಟ್ಟುಕೊಂಡು ಸೈಕಲ್ಲಿನ ಮೇಲೆ ಇಂಟರ್ನೆಟ್ ಅಂಗಡಿಗೆ ಹೋಗಿ ಗುಂಪಿಗೆ ಕಳಿಸುತ್ತಿದ್ದೆ. ಈಮೇಲು ನನ್ನದೇ ಇತ್ತು, ಅಲ್ಲಿ ಕುಳಿತು ನೋಡಲು ಮಾಸ್ತರರಿಗೆ ಕಣ್ಣಿರಲಿಲ್ಲ.

ಪ್ರತಿ ಕಡತದ ತಲೆಯಲ್ಲಿ ಅನುವಾದ ಮಾಡಿದವರ ಹೆಸರಿಗೆ ಒಂದು ಸಾಲು ಇರುತ್ತಿತ್ತು. ಆ ಸಾಲಿನಲ್ಲಿ ಒಂದೇ ಹೆಸರು. ಕೊನೆಗೆ ಪಟ್ಟಿ ಮಾಡುವವರು ಅದನ್ನೇ ನೋಡುತ್ತಾರೆ. ಮೊದಲ ದಿನ ಆ ಸಾಲು ಖಾಲಿ ಬಂದಾಗ ನಾನು ನನ್ನ ಹೆಸರು ಒತ್ತಿದೆ. ಆಮೇಲೆ ಬದಲಿಸಿದರಾಯಿತು ಎಂದುಕೊಂಡೆ. ಮರೆತೆ ಎಂದರೆ ಸುಳ್ಳು. ಪ್ರತಿ ವಾರ ಆ ಸಾಲು ಕಣ್ಣಿಗೆ ಬೀಳುತ್ತಿತ್ತು. ಜೀವಮಾನವೆಲ್ಲ ಮಂದಿಯ ಹೆಸರು ಜೋಡಿಸಿದವನು ನಾನು... ಗುಂಪಿನಲ್ಲಿ ದೊಡ್ಡ ದೊಡ್ಡ ಇಂಜಿನಿಯರುಗಳು ನನಗೆ 'ಸರ್' ಎಂದು ಬರೆಯುತ್ತಿದ್ದರು. ನಿಮ್ಮ ಕನ್ನಡ ಬಹಳ ಸರಳವಾಗಿದೆ ಸರ್ ಎಂದು ಒಬ್ಬರು ಬರೆದಿದ್ದರು. ಅದನ್ನು ನಾನು ಮಾಸ್ತರರಿಗೆ ಓದಿ ಹೇಳಲಿಲ್ಲ.

ಎರಡನೆಯ ವರ್ಷದ ಕೊನೆಗೆ ಕೆಲಸ ಮುಗಿಯಿತು. ಕೆಲಸ ಮಾಡಿದವರಿಗೆಲ್ಲ ಟಪಾಲಿನಲ್ಲಿ ಸೀಡಿ ಕಳಿಸುತ್ತೇವೆ ಎಂದು ಗುಂಪಿನವರು ತಿಳಿಸಿದರು. ಒಂದು ಮಧ್ಯಾಹ್ನ ಟಪಾಲಿನವನು ಕ್ಲಾಸಿನ ಬಾಗಿಲಿಗೆ ಬಂದು ನನ್ನ ಹೆಸರು ಹಿಡಿದು ಕೂಗಿದ. ಮಾಸ್ತರರಿಗೆ ಆ ಹೊತ್ತಿಗೆ ಕಣ್ಣು ಪೂರಾ ಹೋಗಿತ್ತು. ಕುಳಿತಲ್ಲಿಂದಲೇ ಮುಖ ಎತ್ತಿದರು.

"ಪಾಕೀಟ ನಿನ್ನ ಹೆಸರಿಗಿ ಬಂತಲ್ಲ?"

ಈಮೇಲು ನನ್ನದಲ್ಲವೇ, ವಿಳಾಸಕ್ಕೆ ಅದೇ ಹೆಸರು ಹಾಕಿರಬೇಕು ಎಂದೆ. ಒಳಗೆ ಸೀಡಿ, ಅದರ ಜೊತೆಗೆ ದುಡಿದವರ ಹೆಸರುಗಳ ಒಂದು ಹಾಳೆ. ಮಾಸ್ತರರು ಹಾಳೆ ಇಸಿದುಕೊಂಡು, ರೂಢಿಯ ಪ್ರಕಾರ ಬೋರಲು ಮಾಡಿ ಹೆಬ್ಬೆರಳು ಆಡಿಸಿದರು. ಕಂಪ್ಯೂಟರಿನಲ್ಲಿ ಮುದ್ರಿಸಿದ್ದು, ಬೆನ್ನಿಗೆ ಏನು ಮೂಡಬೇಕು?

"ಎಲ್ಲಾ ನುಣ್ಣಗ ಐತಿ, ಕೈಗೆ ಏನೂ ಹತ್ತವಲ್ದು. ನೀನ ನೋಡಪಾ, ನನ್ನ ಹೆಸರು ಹಾಕ್ಯಾರೇನು?"

"ಹಾಕ್ಯಾರ್ರಿ ಸರ್."

"ಎಷ್ಟನೇ ಸಾಲಿನ್ಯಾಗ?"

ನಾಲ್ಕನೆಯದು ಎಂದೆ. ನನ್ನ ಹೆಸರಿದ್ದದ್ದು ನಾಲ್ಕನೆಯ ಸಾಲಿನಲ್ಲಿ. ಮೇಲಿನಿಂದ ಎಷ್ಟು ಇಂಚು, ಎಡಗಡೆಯಿಂದ ಎಷ್ಟು ಎಂದು ಕೇಳಿದರು. ಟೈಪಿಂಗ್ ಮಾಸ್ತರರಲ್ಲವೇ, ಹಾಳೆ ಎಂದರೆ ಅವರಿಗೆ ಅಳತೆಯೇ. ಅಳತೆಪಟ್ಟಿ ಇಟ್ಟು ನೋಡಿ ಹೇಳಿದೆ. ಮೇಲಿನಿಂದ ಮೂರು, ಎಡದಿಂದ ಒಂದು. ಅವರು ಹಾಳೆಯನ್ನು ಮರಳಿ ಇಸಿದುಕೊಂಡು, ಮಡಚಿ ಕಿಸೆಯಲ್ಲಿಟ್ಟುಕೊಂಡರು.

"ಮತ್ತ ನಿಂದು?"

"ನಂದಿಲ್ರಿ."

"ಇದು ಬರೋಬರಿ ಅಲ್ಲ. ಒತ್ತಿದಾಂವ ನೀನು. ಅವರಿಗೆ ಬರದು ಹೇಳು, ನಿಂದೂ ಹಾಕ್ಲಿ."

ಮರುದಿನ ಇಂಟರ್ನೆಟ್ ಅಂಗಡಿಗೆ ಹೋಗಿ ನಿಜ ಬರೆದೆ. ಇದೆಲ್ಲ ಮಾಸ್ತರರ ಕೆಲಸ, ನಾನು ಬರೀ ಕೈ ಎಂದು. ಕಳಿಸುವ ಗುಂಡಿಯ ಮೇಲೆ ಬೆರಳು ಇಟ್ಟಿದ್ದೆ. ಆ 'ಸರ್' ನೆನಪಾಯಿತು. ಬರೆದದ್ದನ್ನು ರದ್ದು ಮಾಡಿ ಎದ್ದು ಬಂದೆ. ಮುಂದಿನ ವಾರ ಕಳಿಸಿದರಾಯಿತು ಎನ್ನುತ್ತ ವಾರಗಳು ಹೋದವು. ಮಾಸ್ತರರ ಕಾಲಿಗೆ ಹುಣ್ಣಾಯಿತು. ಮೊದಲು ಬೆರಳು ತೆಗೆದರು, ಆಮೇಲೆ ಪಾದ ತೆಗೆದರು. ಮಳೆಗಾಲ ಹಿಡಿಯುವ ಮೊದಲೇ ತೀರಿಕೊಂಡರು.

ನಲವತ್ತನೆಯ ದಿನದ ಫಾತಿಹಾ ಓದಿಸಿದ ಮೇಲೆ ಅವರ ಮನೆಗೆ ಹೋದೆ. ಮಾಸ್ತರರ ಹೆಂಡತಿ ಅದೇ ಹಾಳೆಯನ್ನು ತಂದು ನನ್ನ ಕೈಯಲ್ಲಿಟ್ಟರು. ಮಡಿಕೆಗಳು ಹರಿದಿದ್ದವು.

"ದಿನಾ ಉಂಡ ಮ್ಯಾಲ ಇದನ್ನ ಹಿಡಕೊಂಡ ಕುಂಡ್ರತಿದ್ರು. ನೋಡ, ಇಲ್ಲಿ ನನ್ನ ಹೆಸರೈತಿ ಅಂತ ನನ್ನ ಬೆರಳು ಹಿಡದು ಮುಟ್ಟಸತಿದ್ರು. ನನಗ ಓದಾಕ ಬರೂದಿಲ್ಲ. ನೀನ ಇಟಗೋಪಾ, ನಿಮ್ಮಿಬ್ಬರ ಕೆಲಸ ಇದು."

ಬಿಚ್ಚಿ ನೋಡಿದರೆ, ಮಾಸ್ತರರು ಆ ಹಾಳೆಯನ್ನು ಟೈಪ್‌ರೈಟರಿಗೆ ಏರಿಸಿದ್ದರು. ನಾನು ಕೊಟ್ಟ ಅಳತೆಗೆ, ಹಲ್ಲುಗಾಲಿಯ ಟಕ್ ಟಕ್ ಎಣಿಸಿ, ಮೂರು ಇಂಚು ಇಳಿಸಿ, ತಮ್ಮ ಹೆಸರನ್ನು ಬಡಿದಿದ್ದರು. ಬೆರಳಿಗೆ ಸಿಗಲೆಂದು ಜೋರಾಗಿಯೇ ಬಡಿದಿದ್ದರು, ನನ್ನ ಹಾಗೆ, ಕಲ್ಲು ಒಡೆದಂತೆ. ಅದು ನೇರ ನನ್ನ ಹೆಸರಿನ ಮೇಲೆ ಬಿದ್ದಿತ್ತು.

ಆ ದಿನವೇ ಗುಂಪಿಗೆ ಬರೆದು ಕಳಿಸಿದೆ. ಯಾರೂ ಉತ್ತರ ಬರೆಯಲಿಲ್ಲ, ಗುಂಪು ಚದುರಿ ಹೋಗಿತ್ತೋ ಏನೋ. ನಮ್ಮ ಮಾತುಗಳಿದ್ದ ಆ ತಂತ್ರಾಂಶವನ್ನು ಈಗ ಯಾರೂ ಬಳಸುವುದಿಲ್ಲ. ಕ್ಲಾಸು ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ...

ತಹಶೀಲ್ದಾರ ಕಚೇರಿಯಿಂದ ಬಂದವನು ಹಾಳೆ ಹೊರಗೆ ತೆಗೆದೆ. ನಾಲ್ಕನೆಯ ಸಾಲಿನಲ್ಲಿ ಮಸಿಯ ಮೇಲೆ ಮಸಿ ಕೂತು, ಕಣ್ಣಿಗೆ ಎರಡು ಹೆಸರೂ ಓದಲು ಬರುವುದಿಲ್ಲ. ಬೋರಲು ಹಾಕಿ ಹೆಬ್ಬೆರಳು ಆಡಿಸಿದರೆ ಒಂದೇ ಹೆಸರು ಸಿಗುತ್ತದೆ, ಅವರದು.