ತಗಡಿನ ಡಬ್ಬಿಯ ತುಕ್ಕು

ನಿಜಾಮರ ರಾಜ್ಯದ ಕೊನೆಯ ವರ್ಷ, ವಾಡಿ ಸ್ಟೇಷನ್ನಿನ ಬೇಲಿಗೆ ಹೊಂದಿಕೊಂಡ ಮನೆಯಲ್ಲಿ ನಾನು ಹಳೆಯ ತಗಡು ಕತ್ತರಿಸಿ ಪುಟ್ಟ ಗೂಡ್ಸ್ ರೈಲಿನ ಡಬ್ಬಿಗಳನ್ನು ಮಾಡುತ್ತಿದ್ದೆ. ಬಣ್ಣ ಒಣಗಿದ ಮೇಲೆ, ಹಳೆಯವುಗಳಂತೆ ಕಾಣಲೆಂದು ದೀಪದ ಮಸಿ, ಇಟ್ಟಂಗಿ ಪುಡಿ, ಶಹಾಬಾದ ಕಲ್ಲಿನ ಧೂಳು ಹಚ್ಚುತ್ತಿದ್ದೆ. ನಿಜವಾದ ಡಬ್ಬಿಗಳಲ್ಲಿ ತುಕ್ಕು ಎಲ್ಲೆಲ್ಲಿದೆ ಎಂದು ಬೇಲಿಯ ಬಳಿ ನಿಂತು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಅದೇ ನನ್ನ ತಪ್ಪು. ಆ ವರ್ಷ ಅದೇ ಹಳಿಯ ಮೇಲೆ ಸೈನ್ಯದ ಗಾಡಿಗಳೂ ಓಡುತ್ತಿದ್ದವು.

ಯಾರೋ ಪೊಲೀಸರಿಗೆ ಹೇಳಿರಬೇಕು, ಯಾರೆಂದು ಇಂದಿಗೂ ಗೊತ್ತಿಲ್ಲ. ಒಂದು ಮಧ್ಯಾಹ್ನ ಠಾಣೆಯ ಅಧಿಕಾರಿಯಾದ ಪೊಲೀಸ್ ಅಮೀನರು ಮನೆಗೆ ಬಂದು ಆ ಚೀಟಿ ಕಸಿದುಕೊಂಡರು.

“ಫೌಜಿನ ಗಾಡಿ ಎಣಸಾಕತ್ತೀರೇನು?”

“ಇಲ್ರಿ ಸಾಹೇಬ್ರ, ತುಕ್ಕು ನೋಡಾಕತ್ತೀನ್ರಿ.”

“ಹೊಸಾ ಸಾಮಾನಿಗೆ ಯಾರರ ಹೊಲಸು ಹಚ್ತಾರೇನು? ನನ್ನ ಮುಂದ ಹಚ್ಚಿ ತೋರಸ್ರಿ. ಸುಳ್ಳಾದ್ರ ಜೇಲಿಗೆ ನಡೀರಿ.”

ಬಣ್ಣ ಒಣಗಿದ್ದ ಒಂದು ಡಬ್ಬಿ ತೆಗೆದುಕೊಂಡು, ಕುಂಚವನ್ನು ಇಟ್ಟಂಗಿ ಪುಡಿಯ ನೀರಿನಲ್ಲಿ ಅದ್ದಿದೆ. ಪ್ರತಿ ಮೊಳೆಯ ಕೆಳಗೂ ಮಳೆನೀರು ಇಳಿದಂತೆ ಒಂದು ಕೆಂಪು ಗೆರೆ ಎಳೆದೆ. ಅಮೀನರು ಅದನ್ನು ಕಿಟಕಿಗೆ ಹಿಡಿದು, ಹೊರಗೆ ನಿಂತಿದ್ದ ಡಬ್ಬಿಯ ಜೊತೆ ಒಂದೊಂದೇ ಮೊಳೆ ಹೋಲಿಸಿದರು.

“ಬಾಗಲದ ಕೆಳಗ ಬಿಟ್ಟೀರಿ,” ಎಂದರು. ಅಲ್ಲೂ ಎಳೆದೆ.

ಅವರು ನಗಲಿಲ್ಲ. ನನ್ನನ್ನು ಬಿಟ್ಟು, ಚೀಟಿಯನ್ನೂ ಡಬ್ಬಿಯನ್ನೂ ಒಯ್ದರು. ಆಮೇಲೆ ನಾನು ಏನನ್ನೂ ಬರೆದುಕೊಳ್ಳಲಿಲ್ಲ. ನೋಡಿದ್ದನ್ನು ನೆನಪಿನಲ್ಲೇ ಇಟ್ಟುಕೊಂಡು ಬಂದು ಹಚ್ಚುತ್ತಿದ್ದೆ. ಬೇಲಿಯ ಬಳಿ ಯಾರಾದರೂ ಕುಶಲ ಕೇಳಿದರೆ, ಇವರೇ ಹೇಳಿರಬಹುದೇ ಎಂದು ಮೊದಲು ಮುಖ ನೋಡುತ್ತಿದ್ದೆ.